‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂದು ಬರೆಸಿದವರು ಯಾರು?

ಜೂನ್ ಬಂತೆಂದರೆ ನಮ್ಮ ಫೋನುಗಳಿಗೆ ಊರಿನಿಂದ ಕರೆ ಶುರುವಾಗುತ್ತದೆ. ಅಕ್ಕನ ಮಗನಿಗೆ ಪಿಯುಸಿ ಮುಗಿದಿದೆ, ಹಿಂದಿನ ಓಣಿಯ ಹುಡುಗಿಗೆ ಜಿಲ್ಲಾ ಕೇಂದ್ರದಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ, ಹಾಸ್ಟೆಲಿಗೆ ಅರ್ಜಿ ಹಾಕಿದ್ದಾರೆ. ‘ಏನೇನು ಒಯ್ಯಬೇಕು? ಅಲ್ಲಿ ಕಳ್ಳತನ ಜಾಸ್ತಿಯಂತೆ, ಹೌದಾ?’ ಎಂದು ಕೇಳುತ್ತಾರೆ. ನಾವೂ ದೊಡ್ಡವರ ಗತ್ತಿನಲ್ಲಿ ಉಪದೇಶ ಮಾಡುತ್ತೇವೆ. ಗಟ್ಟಿ ಬೀಗ ತಗೋ. ದುಡ್ಡು ಹೊರಗಿಡಬೇಡ. ಫೋನು ಚಾರ್ಜಿಗೆ ಹಾಕಿ ಎದ್ದು ಹೋಗಬೇಡ. ಯಾರನ್ನೂ ನಂಬಬೇಡ.

ಈ ಸಲ ಆ ಕೊನೆಯ ಮಾತು ಹೇಳುವಾಗ ನಮ್ಮಲ್ಲೊಬ್ಬರ ನಾಲಿಗೆ ತಡೆಯಿತು. ಯಾಕೆಂದರೆ ‘ಯಾರನ್ನೂ ನಂಬಬೇಡ’ ಎಂಬ ಬುದ್ಧಿವಾದವನ್ನು ಚಾಚೂ ತಪ್ಪದೆ ಪಾಲಿಸಿ ನಾವು ಒಬ್ಬ ಹುಡುಗನ ಓದನ್ನೇ ನಿಲ್ಲಿಸಿದವರು. ಆ ಕತೆಯನ್ನು ಮೊದಲು ಹೇಳಿ ಆಮೇಲೆ ಜಗಳಕ್ಕೆ ಬರುತ್ತೇವೆ.

ನಾವು ಓದಿದ್ದು ಗ್ರಾಮೀಣ ಪತ್ರಿಕೋದ್ಯಮ, ಬೆಳೆದಿದ್ದು ಹಾಸ್ಟೆಲುಗಳಲ್ಲಿ. ಬಿಸಿಎಂ, ಸಮಾಜ ಕಲ್ಯಾಣ, ಮಠದ ಉಚಿತ ಪ್ರಸಾದ ನಿಲಯ, ಊರಾಚೆಯ ಪಿಜಿ, ಎಲ್ಲದರ ಅನ್ನ ಉಂಡವರು ನಮ್ಮಲ್ಲಿದ್ದಾರೆ. ಜಿಲ್ಲೆ ಬೇರೆ, ಇಲಾಖೆ ಬೇರೆ, ಸಾರಿನ ರುಚಿ ಮಾತ್ರ ಒಂದೇ. ಇನ್ನೊಂದು ಸಂಗತಿಯೂ ಒಂದೇ ಆಗಿತ್ತು. ಬಾಗಿಲು ದಾಟುತ್ತಿದ್ದಂತೆ ಕಣ್ಣಿಗೆ ಬೀಳುವ ಫಲಕ: ‘ವಿದ್ಯಾರ್ಥಿಗಳು ತಮ್ಮ ಬೆಲೆಬಾಳುವ ವಸ್ತುಗಳಿಗೆ ತಾವೇ ಜವಾಬ್ದಾರರು.’ ಕೆಲವು ಕಡೆ ಇದನ್ನು ಗೋಡೆಯ ಮೇಲೆ ಬರೆಸಿದ್ದರು, ಕೆಲವು ಕಡೆ ಪ್ರವೇಶದ ಮುಚ್ಚಳಿಕೆಯಲ್ಲಿ ಅಚ್ಚು ಹಾಕಿಸಿ ಅಪ್ಪ ಅಥವಾ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ನಮ್ಮಲ್ಲಿ ನಾಲ್ವರು ಡಿಗ್ರಿಯಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದೆವು. ಆರು ಜನರಿಗೆಂದು ಕಟ್ಟಿದ ಕೋಣೆಯಲ್ಲಿ ಹನ್ನೊಂದು ಜನ. ಗೋಡೆಯ ಕಪಾಟುಗಳಿಗೆ ಬಾಗಿಲೇ ಇರಲಿಲ್ಲ, ಹಾಗಾಗಿ ಎಲ್ಲರದೂ ಕಾಟಿನ ಕೆಳಗೆ ತಗಡಿನ ಟ್ರಂಕು. ಕೋಣೆಗೆ ಒಂದೇ ಬೀಗ, ಒಂದೇ ಕೀಲಿಕೈ. ಅದನ್ನು ಬಾಗಿಲ ಮೇಲಿನ ಗೂಡಿನಲ್ಲಿ ಇಡುತ್ತಿದ್ದೆವು. ಅಡುಗೆಯವರಿಂದ ಹಿಡಿದು ನೀರಿನ ಟ್ಯಾಂಕರಿನವರ ತನಕ ಎಲ್ಲರಿಗೂ ಅದು ಗೊತ್ತು. ಗೊತ್ತಿಲ್ಲದವರೂ ಒಳಗೆ ಬರಬಹುದಿತ್ತು, ಬಾಗಿಲ ಕೊಂಡಿಯ ಸ್ಕ್ರೂ ಸಡಿಲಾಗಿ ಕೈಯಿಂದ ಎಳೆದರೆ ಕಿತ್ತು ಬರುತ್ತಿತ್ತು. ‘ಕೊಂಡಿ ಹಾಕಿಸಿ ಸರ್’ ಎಂದು ಮೂರು ತಿಂಗಳಿಂದ ಹೇಳುತ್ತಿದ್ದೆವು. ಬಾಯಿಯಲ್ಲಿ ಮಾತ್ರ ಹೇಳುತ್ತಿದ್ದೆವು, ಕಾಗದದಲ್ಲಿ ಒಂದು ಸಲವೂ ಬರೆಯಲಿಲ್ಲ.

ಒಂದು ಭಾನುವಾರ ಎಲ್ಲರೂ ಮೈದಾನಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮಲ್ಲೊಬ್ಬರ ಫೋನು, ಪರೀಕ್ಷೆ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಎರಡು ಸಾವಿರ ರೂಪಾಯಿ ಮಾಯ. ವಾರ್ಡನ್ನಿಗೆ ಫೋನು ಮಾಡಿದರೆ ಅವರು ಇನ್ನೊಂದು ಊರಿನ ಹಾಸ್ಟೆಲಿನಲ್ಲಿದ್ದರು. ‘ಬೋರ್ಡ್ ಓದಿಲ್ಲೇನು? ನಿಮ್ಮ ಸಾಮಾನ ನೀವ ನೋಡ್ಕೋಬೇಕು. ನಿಮ್ಮ ನಿಮ್ಮೊಳಗ ಬಗಿಹರಸ್ಕೋರಿ’ ಅಂದರು. ನಾವು ಬಗೆಹರಿಸಿಕೊಂಡೆವು.

ಆ ಮಧ್ಯಾಹ್ನ ಆಟಕ್ಕೆ ಬಾರದೆ ಹಿತ್ತಲಿನ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದವನು ಒಬ್ಬನೇ. ಅವನ ಅಪ್ಪ ಅವ್ವ ಗುಳೆ ಹೋದವರು. ಯಾರೋ ಅವನ ಜಾತಿಯ ಹೆಸರು ಹೇಳಿ ‘ಅವರ ಕಸುಬೇ ಅದು’ ಅಂದರು. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಕಾನೂನು ಮಾಡಿ ಹಣೆಪಟ್ಟಿ ಹಚ್ಚಿದರು. ಸ್ವತಂತ್ರ ಭಾರತ 1952ರಲ್ಲಿ ಆ ಕಾನೂನನ್ನು ತೆಗೆದುಹಾಕಿತು. ನಮ್ಮ ಕೋಣೆಯಲ್ಲಿ ಅದು ಆ ಸಂಜೆ ಮತ್ತೆ ಜಾರಿಗೆ ಬಂತು. ಅವನ ಟ್ರಂಕನ್ನು ಎಲ್ಲರ ಮುಂದೆ ಬೋರಲು ಹಾಕಿದರು. ಎರಡು ಅಂಗಿ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ, ಬ್ಯಾಂಕಿನ ಪಾಸ್‌ಬುಕ್ಕು, ಅವ್ವನ ಒಂದು ಫೋಟೋ. ಬೇರೆ ಏನೂ ಸಿಗಲಿಲ್ಲ. ಚಟ್ನಿಯ ಡಬ್ಬಿಯನ್ನೂ ಬಿಚ್ಚಿ ನೋಡಿದೆವು. ಹೌದು, ‘ನೋಡಿದೆವು’. ಆ ಟ್ರಂಕಿಗೆ ಕೈ ಹಾಕಿದವರಲ್ಲಿ ಇಬ್ಬರು ಈಗ ಈ ಬರಹವನ್ನು ಬರೆಯುತ್ತಿದ್ದಾರೆ.

ದಸರೆ ರಜೆಗೆ ಹೋದವನು ತಿರುಗಿ ಬರಲಿಲ್ಲ. ಫೋನು ಸಿಗಲಿಲ್ಲ. ಕದ್ದವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ಕೊಂಡಿ ಮಾತ್ರ ಮುಂದಿನ ವರ್ಷ, ಮೇಲಧಿಕಾರಿಗಳು ತಪಾಸಣೆಗೆ ಬರುವ ಹಿಂದಿನ ದಿನ ಹೊಸದಾಯಿತು.

ಈಗ ಜಗಳ.

ಆ ಫಲಕ ಒಂದು ಎಚ್ಚರಿಕೆಯ ಮಾತು ಎಂದು ನಾವು ಬಹಳ ದಿನ ತಿಳಿದಿದ್ದೆವು. ಅದು ಎಚ್ಚರಿಕೆ ಅಲ್ಲ, ರಾಜೀನಾಮೆ. ಬಸ್ಸಿನಲ್ಲಿ ಇಂಥ ಮಾತು ಬರೆದರೆ ಒಪ್ಪಬಹುದು. ಅಲ್ಲಿ ನಾವು ಎರಡು ಗಂಟೆ ಕುಳಿತು ಇಳಿದು ಹೋಗುವವರು. ಹಾಸ್ಟೆಲು ಮೂರು ವರ್ಷ, ಐದು ವರ್ಷ ಇರುವ ಮನೆ. ಮನೆಯ ಬಾಗಿಲಿಗೆ ಚಿಲಕ ಹಾಕಿಸುವುದು ಮನೆ ಕೊಟ್ಟವರ ಕೆಲಸ. ಚಿಲಕ ಹಾಕಿಸದೆ, ಕಪಾಟಿಗೆ ಬಾಗಿಲು ಕೊಡದೆ, ಕೋಣೆಗೆ ಎರಡರಷ್ಟು ಜನರನ್ನು ತುಂಬಿಸಿ, ಕೊನೆಗೆ ‘ನೀವೇ ಜವಾಬ್ದಾರರು’ ಎಂದರೆ, ಸ್ವಾಮಿ, ಜವಾಬ್ದಾರಿ ಹೊರುವ ಒಂದು ಮೊಳೆಯನ್ನಾದರೂ ನಮ್ಮ ಕೈಗೆ ಕೊಟ್ಟಿದ್ದೀರಾ?

‘ಬೆಲೆಬಾಳುವ ವಸ್ತು ತರಬೇಡಿ’ ಎಂಬುದು ಇದರ ಜೋಡಿ ಮಾತು. ತರದೆ ಹೇಗಿರುವುದು? ವಿದ್ಯಾರ್ಥಿವೇತನದ ಅರ್ಜಿ ಫೋನಿನಲ್ಲಿ, ಅದರ ಓಟಿಪಿ ಫೋನಿನಲ್ಲಿ, ಹಾಲ್ ಟಿಕೆಟ್ ಫೋನಿನಲ್ಲಿ, ಮೇಷ್ಟ್ರು ಕಳಿಸುವ ನೋಟ್ಸು ಫೋನಿನಲ್ಲಿ, ಮನೆಯಿಂದ ಬರುವ ಐನೂರು ರೂಪಾಯಿಯೂ ಫೋನಿನಲ್ಲೇ. ಶ್ರೀಮಂತರ ಮನೆಯ ಹುಡುಗನ ಫೋನು ಹೋದರೆ ಸಂಜೆಗೆ ಇನ್ನೊಂದು ಬರುತ್ತದೆ. ನಮ್ಮಂಥವರ ಫೋನು ಹೋದರೆ ಒಂದು ಸೆಮಿಸ್ಟರೇ ಹೋಗುತ್ತದೆ. ಬಡವರ ಮಕ್ಕಳ ಹತ್ತಿರ ಕದಿಯಲು ಏನಿದೆ ಎಂದು ನಗುವವರಿಗೆ ಇದು ಅರ್ಥವಾಗುವುದಿಲ್ಲ.

ವಾರ್ಡನ್ನರ ಮೇಲೆ ನಮಗೆ ಹಗೆ ಇಲ್ಲ. ನಮ್ಮ ವಾರ್ಡನ್ನರಿಗೆ ಮೂರು ಹಾಸ್ಟೆಲುಗಳ ಪ್ರಭಾರ ಇತ್ತು. ಬೆಳಿಗ್ಗೆ ಒಂದು ಊರಿನಲ್ಲಿ ತರಕಾರಿ ಲೆಕ್ಕ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಬಯೋಮೆಟ್ರಿಕ್ ಹಾಜರಾತಿ, ಸಂಜೆ ಇಲಾಖೆಯ ಮೀಟಿಂಗು. ಕಾವಲುಗಾರ ಇದ್ದರೂ ಹೊರಗುತ್ತಿಗೆಯವರು, ಸಂಬಳ ಯಾವಾಗ ಬರುತ್ತದೋ ಅವರಿಗೇ ಗೊತ್ತಿಲ್ಲ. ಅವರೇ ಹಗಲು ಅಡುಗೆಗೆ ಕೈ ಹಚ್ಚಿ ರಾತ್ರಿ ಗೇಟಿನ ಹತ್ತಿರ ಮಲಗಬೇಕು. ಇದೆಲ್ಲ ನಿಜ. ಒಬ್ಬ ಮನುಷ್ಯ ಮೂರು ಕಡೆ ಇರಲಾರ. ಹಾಗಿದ್ದರೆ ಆ ಫಲಕವನ್ನು ಹಾಸ್ಟೆಲಿನಿಂದ ಕಿತ್ತು ಖಾಲಿ ಹುದ್ದೆ ತುಂಬದವರ ಕಚೇರಿಯಲ್ಲಿ ತೂಗುಹಾಕಿ. ಜವಾಬ್ದಾರರ ಹುಡುಕಾಟ ಅಲ್ಲಿಂದ ಶುರುವಾಗಲಿ. ಹದಿನೆಂಟು ವರ್ಷದ ಮಕ್ಕಳ ಟ್ರಂಕಿನಲ್ಲಿ ಅಲ್ಲ.

ಇನ್ನು ಹುಡುಗಿಯರ ಹಾಸ್ಟೆಲಿಗೆ ಬನ್ನಿ. ಅಲ್ಲಿ ಭದ್ರತೆ ಎಂದರೆ ಒಂದೇ ಅರ್ಥ, ಬೀಗ. ಗಮನಿಸಿ, ಅದು ಕೋಣೆಯ ಬೀಗ ಅಲ್ಲ, ಗೇಟಿನ ಬೀಗ.

ನಮ್ಮ ಬಳಗದ ಹೆಣ್ಣುಮಕ್ಕಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ. ಅವರಲ್ಲೊಬ್ಬರ ಹಾಸ್ಟೆಲಿನಲ್ಲಿ ಬಚ್ಚಲು ಕಟ್ಟಡದ ಹಿಂದೆ. ಅಲ್ಲಿಗೆ ಹೋಗುವ ದಾರಿಯ ಬಲ್ಬು ಸುಟ್ಟು ಒಂದು ಮಳೆಗಾಲ ಕಳೆದಿತ್ತು. ಬಚ್ಚಲ ಕಿಟಕಿಗೆ ಗಾಜಿರಲಿಲ್ಲ, ಸೀರೆಯ ತುಂಡು ಕಟ್ಟಿದ್ದರು. ಕಾಂಪೌಂಡಿನ ಒಂದು ಮೂಲೆ ಕುಸಿದಿತ್ತು. ಒಂದು ರಾತ್ರಿ ಆ ಮೂಲೆಯಿಂದ ಯಾರೋ ಒಳಗೆ ಬಂದು ಕಿಟಕಿಯ ಹತ್ತಿರ ನಿಂತಿದ್ದನ್ನು ಇಬ್ಬರು ಹುಡುಗಿಯರು ನೋಡಿ ಕೂಗಿಕೊಂಡರು. ಮರುದಿನ ದೂರು ಕೊಟ್ಟರು. ಕ್ರಮ ಕೈಗೊಳ್ಳಲಾಯಿತು! ಏನು ಕ್ರಮ ಗೊತ್ತೇ? ಸಂಜೆ ಆರೂವರೆಗೆ ಮುಚ್ಚುತ್ತಿದ್ದ ಗೇಟನ್ನು ಆರಕ್ಕೆ ಮುಚ್ಚಿದರು. ಗ್ರಂಥಾಲಯಕ್ಕೆ ಹೋಗುತ್ತಿದ್ದವರ ಅರ್ಧ ಗಂಟೆ ಹೋಯಿತು. ಬಂದವನು ಬಂದದ್ದು ರಾತ್ರಿ ಹತ್ತಕ್ಕೆ, ಅದೂ ಗೇಟಿನಿಂದ ಅಲ್ಲ. ಗೋಡೆ ಕುಸಿದೇ ಇತ್ತು. ಬಲ್ಬು ಬರಲಿಲ್ಲ.

ಹುಡುಗಿಯರು ಒಟ್ಟಿಗೆ ಹತ್ತು ಹತ್ತು ರೂಪಾಯಿ ಹಾಕಿ ಬಲ್ಬು ತಂದು ಹಚ್ಚಿದರು. ‘ಕರೆಂಟ್ ಬಿಲ್ ಜಾಸ್ತಿ ಬರುತ್ತೆ, ಹತ್ತಕ್ಕೆ ಆಫ್ ಮಾಡಿ’ ಎಂದು ಮೇಡಂ ಹೇಳಿದರಂತೆ.

ಇದಕ್ಕೆ ಅಪ್ಪ ಅಮ್ಮಂದಿರ ಒಪ್ಪಿಗೆ ಇದೆ ಎಂಬ ವಾದ ಗೊತ್ತಿದೆ. ‘ಬೀಗ ಹಾಕುತ್ತಾರೆ ಅನ್ನುವ ಧೈರ್ಯಕ್ಕೇ ನಮ್ಮ ಹುಡುಗಿಯನ್ನು ಕಳಿಸಿದ್ದೇವೆ’ ಎನ್ನುವ ತಂದೆಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಮಾತಾಡುವ ಹಕ್ಕು ನಮಗಿಲ್ಲ. ಆದರೆ ಅವರಿಗೆ ಕುಸಿದ ಮೂಲೆಯನ್ನು ಯಾರೂ ತೋರಿಸಿಲ್ಲ. ಪ್ರವೇಶದ ದಿನ ಅವರು ನೋಡುವುದು ಗೇಟನ್ನು ಮಾತ್ರ. ವಿಶ್ವವಿದ್ಯಾಲಯ ಅನುದಾನ ಆಯೋಗ ಲೈಂಗಿಕ ಕಿರುಕುಳ ತಡೆಯಲು 2015ರಲ್ಲಿ ಮಾಡಿದ ನಿಯಮಾವಳಿಯಲ್ಲಿ ಒಂದು ಮಾತಿದೆ. ಸುರಕ್ಷತೆಯ ನೆಪ ಹೇಳಿ ಹುಡುಗರಿಗಿಲ್ಲದ ಕಟ್ಟುಪಾಡನ್ನು ಹಾಸ್ಟೆಲಿನ ಹುಡುಗಿಯರ ಮೇಲೆ ಹೇರಬಾರದು ಎಂಬುದು ಅದರ ಸಾರ. ಕಾಲೇಜಿನ ಯಾವ ನೋಟೀಸು ಬೋರ್ಡಿನಲ್ಲೂ ನಾವು ಅದನ್ನು ಕಂಡಿಲ್ಲ. ಬೆಲೆಬಾಳುವ ವಸ್ತುಗಳ ಫಲಕಕ್ಕೆ ಮಾತ್ರ ಜಾಗ ಇದೆ.

ಹೊರಗಿನಿಂದ ಹಾಕಿದ ಬೀಗ ಕಳ್ಳನನ್ನು ತಡೆಯುತ್ತದೋ ಇಲ್ಲವೋ, ಒಳಗಿರುವವರನ್ನಂತೂ ತಡೆಯುತ್ತದೆ. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ಮಾಹ್ದಿಯಾ ಎಂಬ ಗಣಿ ಊರಿದೆ. ಅಲ್ಲಿನ ಸರ್ಕಾರಿ ಹುಡುಗಿಯರ ಹಾಸ್ಟೆಲು ಥೇಟ್ ನಮ್ಮ ಹಾಸ್ಟೆಲುಗಳ ಹಾಗೆಯೇ. ದೂರದ ಹಳ್ಳಿಗಳ ಮೂಲನಿವಾಸಿ ಮಕ್ಕಳು ಹೈಸ್ಕೂಲು ಓದಲು ಬಂದು ಇರುತ್ತಿದ್ದ ಜಾಗ. ಕಿಟಕಿಗಳಿಗೆ ಕಬ್ಬಿಣದ ಸರಳು, ರಾತ್ರಿ ಬಾಗಿಲುಗಳಿಗೆ ಬೀಗ. 2023ರ ಮೇ 21ರ ರಾತ್ರಿ ಬೆಂಕಿ ಬಿತ್ತು. ಫೋನನ್ನು ಕಿತ್ತುಕೊಂಡರೆಂಬ ಸಿಟ್ಟಿಗೆ ಒಬ್ಬ ವಿದ್ಯಾರ್ಥಿನಿಯೇ ಹಚ್ಚಿದ್ದೆಂದು ಆರೋಪ. ಗಾಬರಿಯಲ್ಲಿ ಮೇಲ್ವಿಚಾರಕಿಗೆ ಕೀಲಿಕೈ ಸಿಗಲಿಲ್ಲ. 20 ಮಕ್ಕಳು ಸತ್ತರು. ನಮ್ಮ ಹಾಸ್ಟೆಲುಗಳ ಕಿಟಕಿ ಸರಳುಗಳನ್ನೂ ಹೊರಗಿನ ಬೀಗವನ್ನೂ ನೆನೆದುಕೊಂಡು ಹೇಳಿ, ಆ ಊರಿಗೂ ನಮ್ಮ ಊರಿಗೂ ಏನು ದೂರ?

ಅಷ್ಟು ದೂರ ಹೋಗುವುದೂ ಬೇಡ. 2019ರ ಆಗಸ್ಟ್ 18, ಕೊಪ್ಪಳ. ಸ್ವಾತಂತ್ರ್ಯ ದಿನಾಚರಣೆ ಮುಗಿದಿತ್ತು. ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯದ ಹುಡುಗರು ಧ್ವಜದ ಕಂಬವನ್ನು ಕೆಳಗಿಳಿಸುತ್ತಿದ್ದರು. ಕಂಬ ಪಕ್ಕದಲ್ಲೇ ಹಾದುಹೋಗಿದ್ದ ವಿದ್ಯುತ್ ತಂತಿಗೆ ತಗುಲಿ ಐದು ವಿದ್ಯಾರ್ಥಿಗಳು ಸತ್ತರು. ಅವರು ಯಾವ ಉಪದೇಶವನ್ನು ಮೀರಿದ್ದರು? ಯಾರ ಸಾಮಾನಿಗೆ ಯಾರು ಜವಾಬ್ದಾರರಾಗಿದ್ದರು? ತಂತಿಯ ಪಕ್ಕ ಮಕ್ಕಳನ್ನು ಇಟ್ಟದ್ದು ಮಕ್ಕಳಲ್ಲ.

ಕರೆಂಟಿನ ಮಾತು ಬಂದಾಗ ಇನ್ನೊಂದು. ನೀರು ಕಾಯಿಸುವ ಕಾಯಿಲ್ ಇಟ್ಟುಕೊಳ್ಳಬಾರದೆಂದು ಎಲ್ಲ ಕಡೆ ನಿಯಮ. ನಿಯಮ ಸರಿಯಾದದ್ದೇ. ಕಬ್ಬಿಣದ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಷಾಕ್ ಹೊಡೆಸಿಕೊಂಡವರು ನಮ್ಮಲ್ಲೇ ಇದ್ದಾರೆ. ಆದರೆ ಡಿಸೆಂಬರಿನ ಚಳಿಯಲ್ಲಿ ಟೆರೇಸಿನ ಮೇಲಿನ ಸೋಲಾರು ಎರಡು ವರ್ಷದಿಂದ ಕೆಟ್ಟಿದೆ. ಕಾಯಿಲ್ ಕಿತ್ತುಕೊಳ್ಳಲು ತಿಂಗಳಿಗೊಮ್ಮೆ ತಪಾಸಣೆ ನಡೆಯುತ್ತದೆ, ಸೋಲಾರು ರಿಪೇರಿಗೆ ನಡೆಯುವುದಿಲ್ಲ. ಒಂದೇ ಪ್ಲಗ್ಗಿಗೆ ಹನ್ನೊಂದು ಜನರ ಚಾರ್ಜರು ಸಿಕ್ಕಿಸಿದರೆ ತಂತಿ ಬಿಸಿಯಾಗುತ್ತದೆ ಎಂಬುದು ಹುಡುಗರ ತಪ್ಪೋ, ಕೋಣೆಗೊಂದೇ ಪ್ಲಗ್ಗು ಕೊಟ್ಟವರ ತಪ್ಪೋ? ನಿಷೇಧಕ್ಕೆ ಖರ್ಚಿಲ್ಲ, ಅದಕ್ಕೇ ಅದು ಮೊದಲು ಬರುತ್ತದೆ.

ಖಾಸಗಿ ಪಿಜಿಗಳಲ್ಲಾದರೂ ಸುಖ ಇದೆಯೇ? 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿದವನು ಅಲ್ಲಿದ್ದ ಯುವತಿಯನ್ನು ಕೊಂದ. ಆಮೇಲೆ ಪಾಲಿಕೆ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಂದು ಹೋಗುವ ಬಾಗಿಲಲ್ಲಿ ಸಿಸಿ ಕ್ಯಾಮೆರಾ, ಅದರ ದೃಶ್ಯ 90 ದಿನ ಉಳಿಸಬೇಕು, ತಲಾ ಒಬ್ಬರಿಗೆ 70 ಚದರಡಿ ಜಾಗ, ಬೆಂಕಿ ಆರಿಸುವ ವ್ಯವಸ್ಥೆ, ದಿನದ 24 ಗಂಟೆಯೂ ಒಬ್ಬ ಸಿಬ್ಬಂದಿ. ಒಂದು ಜೀವ ಹೋದ ಮೇಲಾದರೂ ಬಂತಲ್ಲ ಎನ್ನೋಣ. ಆದರೆ ಆ ಅಳತೆಯ ಪಟ್ಟಿ ಹಿಡಿದು ನಮ್ಮ ತಾಲ್ಲೂಕಿನ ಹಾಸ್ಟೆಲಿನ ಕೋಣೆಯನ್ನು ಅಳೆದು ನೋಡಿ. ಪಿಜಿ ಮಾಲೀಕನಿಗೆ ಹೇಳುವ ನಿಯಮವನ್ನು ಸರ್ಕಾರ ತನಗೆ ತಾನು ಹೇಳಿಕೊಳ್ಳಬೇಕಲ್ಲವೇ?

ಪೊಲೀಸ್ ಠಾಣೆಯ ಕತೆಯನ್ನೂ ಹೇಳಿಬಿಡುತ್ತೇವೆ. ಹಾಸ್ಟೆಲಿನಿಂದ ದೂರು ಕೊಡಲು ಹೋದವರಿಗೆ ಅಲ್ಲಿ ಮೊದಲು ಸಿಗುವ ಸಲಹೆ, ‘ಕಳುವಾಗಿದೆ ಅಂತ ಬರೀಬೇಡ, ಕಳೆದುಹೋಗಿದೆ ಅಂತ ಬರಿ. ಬೇಗ ಕೆಲಸ ಆಗುತ್ತೆ.’ ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ, ಕ್ರಿಯಾಪದವನ್ನು ನೋಡಿ ಎಂಬುದು. ‘ಕಳುವಾಗಿದೆ’ ಎಂದರೆ ಯಾರೋ ಕದ್ದಿದ್ದಾರೆ, ಹುಡುಕಬೇಕು. ‘ಕಳೆದುಹೋಗಿದೆ’ ಎಂದರೆ ನೀನೇ ಎಲ್ಲೋ ಬೀಳಿಸಿಕೊಂಡೆ. ಒಂದು ಪದ ಬದಲಾಯಿಸಿದರೆ ಠಾಣೆಯ ಲೆಕ್ಕದಲ್ಲಿ ಅಪರಾಧವೇ ನಡೆದಿಲ್ಲ, ಹಾಸ್ಟೆಲಿನ ಲೆಕ್ಕದಲ್ಲೂ ನಡೆದಿಲ್ಲ. ಎಲ್ಲರಿಗೂ ಅನುಕೂಲ, ಫೋನು ಕಳೆದುಕೊಂಡವನನ್ನು ಬಿಟ್ಟು.

ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನ ಪ್ರಕಾರ ಜನ ವಾಸವಿರುವ ಕಟ್ಟಡದಲ್ಲಿ ನಡೆದ ಕಳ್ಳತನಕ್ಕೆ ಏಳು ವರ್ಷದ ತನಕ ಶಿಕ್ಷೆ ಇದೆ. ಹಾಸ್ಟೆಲಿನ ಕೋಣೆ ವಾಸದ ಜಾಗವೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರಿನ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಠಾಣಾಧಿಕಾರಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಇದನ್ನು ಹೇಳುವುದು ಕೋಣೆಯ ಗೆಳೆಯನನ್ನು ಜೈಲಿಗೆ ಕಳಿಸಿ ಎಂದಲ್ಲ. ತನಿಖೆ ಮಾಡುವುದು ಪೊಲೀಸರ ಕೆಲಸ ಎಂದು ನೆನಪಿಸಲಿಕ್ಕೆ. ಪೊಲೀಸರು ಮಾಡದ ತನಿಖೆಯನ್ನು ನಾವು ಮಾಡಿದೆವು, ಅದರ ಫಲ ಏನೆಂದು ಮೇಲೆ ಬರೆದಿದ್ದೇವೆ.

ಹಾಗಾದರೆ ಫೋನು ಮಾಡಿ ಕೇಳುವ ಅಕ್ಕನ ಮಗನಿಗೆ ಏನು ಹೇಳುವುದು? ವ್ಯವಸ್ಥೆ ಸರಿಯಾಗುವ ತನಕ ನಿನ್ನ ಟ್ರಂಕು ತೆರೆದಿಡು ಎನ್ನಲು ನಾವು ಹುಚ್ಚರಲ್ಲ. ಇಷ್ಟು ಮಾಡು ಎನ್ನುತ್ತೇವೆ.

ಮನೆ ಬಿಡುವ ಮೊದಲೇ ಫೋನಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತು. ಬರುವ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡು, ಫೋನು ಕೊಂಡ ರಸೀದಿಯನ್ನು ಅಲ್ಲೇ ಸಿಕ್ಕಿಸು. ಫೋನು ಹೋದ ಗಳಿಗೆಯಲ್ಲೇ ಬೇರೆಯವರ ಫೋನಿನಿಂದ ಸಿಮ್ ಬಂದ್ ಮಾಡಿಸು, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡು. ದೂರಿನ ಪ್ರತಿ, ಅದೇ ನಂಬರಿನ ಹೊಸ ಸಿಮ್ ಎರಡೂ ಕೈಗೆ ಬಂದ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಆ ಸಂಖ್ಯೆ ಹಾಕಿದರೆ ಫೋನು ದೇಶದ ಯಾವ ಸಿಮ್ಮಿಗೂ ಕೆಲಸ ಮಾಡದಂತೆ ತಡೆಯಬಹುದು. ಅಸಲಿ ಅಂಕಪಟ್ಟಿಗಳನ್ನು ಹಾಸ್ಟೆಲಿಗೆ ಒಯ್ಯಬೇಡ, ಡಿಜಿಲಾಕರಿನಲ್ಲಿ ಇಟ್ಟುಕೋ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದುಕೊಂಡಿದ್ದರೆ ಸಾಕು. ರಾತ್ರಿ ಏನಾದರೂ ಆದರೆ 112. ಹುಡುಗಿಯರಿಗೆ 181 ಕೂಡ ಇದೆ. ರ‍್ಯಾಗಿಂಗ್ ಆದರೆ 1800 180 5522. ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ 2009ರಲ್ಲಿ ಹಿರಿಯರ ಹೊಡೆತಕ್ಕೆ ಸತ್ತ ಮೇಲೆ ಬಂದ ಸಹಾಯವಾಣಿ ಅದು. ಒಂದು ಹುಡುಗನ ಜೀವ ಕೊಟ್ಟು ಪಡೆದ ನಂಬರು, ಬಳಸಲು ನಾಚಿಕೆ ಬೇಡ.

ಮುಖ್ಯವಾದದ್ದು ಒಂದಿದೆ. ಏನೇ ಕಳುವಾಗಲಿ, ಯಾರ ಟ್ರಂಕಿಗೂ ಕೈ ಹಾಕಬೇಡ. ಹಾಕುವವರ ಗುಂಪಿನಲ್ಲಿ ನಿಲ್ಲಬೇಡ. ಬಟ್ಟೆ ಒಗೆಯುತ್ತಿದ್ದವನ ಕಡೆ ಬೆರಳು ತೋರಿಸಿದಾಗ ಸುಮ್ಮನಿರಬೇಡ. ಹನ್ನೊಂದು ಜನರಲ್ಲಿ ಒಬ್ಬನಾದರೂ ‘ಮೊದಲು ಆ ಕೊಂಡಿ ನೋಡ್ರಲೇ’ ಎಂದಿದ್ದರೆ ಅವನು ಇವತ್ತು ಎಲ್ಲೋ ಮೇಷ್ಟ್ರಾಗಿರುತ್ತಿದ್ದನೋ ಏನೋ. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು ಅವನೇ.

‘ಯಾರನ್ನೂ ನಂಬಬೇಡ’ ಎಂಬ ಮಾತನ್ನು ನಾವು ಇನ್ನು ಹೇಳುವುದಿಲ್ಲ. ಕೋಣೆಯಲ್ಲಿ ನಂಬುವವರಿಬ್ಬರು ಇದ್ದರೆ ಅದೇ ದೊಡ್ಡ ಬೀಗ. ನಿನಗೆ ಜ್ವರ ಬಂದಾಗ ಗಂಜಿ ತರುವವರು ಅವರೇ, ನೀನು ಊರಿಗೆ ಹೋದಾಗ ಟ್ರಂಕಿನ ಮೇಲೆ ಕಣ್ಣಿಡುವವರೂ ಅವರೇ. ಒಬ್ಬರ ಮೇಲೊಬ್ಬರು ಅನುಮಾನ ಪಡುವ ಹನ್ನೊಂದು ಜನ ಒಟ್ಟಾಗಿ ಒಂದು ಚಿಲಕವನ್ನೂ ಕೇಳಲಾರರು. ಫಲಕ ಬರೆಸಿದವರಿಗೆ ಬೇಕಾಗಿರುವುದೂ ಅದೇ.

ಆದ್ದರಿಂದ ಕೇಳಬೇಕಾದದ್ದನ್ನು ಒಟ್ಟಾಗಿ ಕೇಳಿ. ನಮ್ಮ ಬೇಡಿಕೆ ಆಕಾಶದ ನಕ್ಷತ್ರವಲ್ಲ. ಪ್ರತಿ ಕೋಣೆಗೆ ಗಟ್ಟಿ ಕೊಂಡಿ, ಒಳಗೊಂದು ಚಿಲಕ. ತಲೆಗೊಂದು ಬೀಗ ಹಾಕಬಹುದಾದ ಕಪಾಟು. ಬಚ್ಚಲ ದಾರಿಗೆ ಬೆಳಗಾಗುವ ತನಕ ದೀಪ. ನಿಂತಿರುವ ಕಾಂಪೌಂಡು. ಹೊರಗಿನವರು ಬಂದರೆ ಹೆಸರು ಬರೆಯುವ ಪುಸ್ತಕ, ಬರೆಸುವ ಒಬ್ಬ ಕಾವಲುಗಾರ, ಆ ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ. ರಾತ್ರಿ ಬಾಗಿಲಿಗೆ ಹಾಕುವ ಬೀಗದ ಕೀಲಿಕೈ ಒಳಗಿರುವ ಇಬ್ಬರಿಗಾದರೂ ಗೊತ್ತಿರುವ ಜಾಗದಲ್ಲಿ. ವರ್ಷಕ್ಕೊಮ್ಮೆ ವೈರಿಂಗ್ ತಪಾಸಣೆ. ರಾತ್ರಿ ಹಾಸ್ಟೆಲಿನಲ್ಲೇ ಮಲಗುವ ಒಬ್ಬ ಜವಾಬ್ದಾರಿಯ ಮನುಷ್ಯ.

ಬಾಯಲ್ಲಿ ಕೇಳಬೇಡಿ. ನಾವು ಮೂರು ತಿಂಗಳು ಬಾಯಲ್ಲಿ ಕೇಳಿ ಕೆಟ್ಟವರು. ಹಾಸ್ಟೆಲಿಗೆ ಹೋದ ಮೊದಲ ವಾರದಲ್ಲೇ ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆಯಿರಿ.

‘ಮಾನ್ಯ ನಿಲಯ ಪಾಲಕರಿಗೆ, ಕೋಣೆ ಸಂಖ್ಯೆ ಇಷ್ಟರ ಬಾಗಿಲಿನ ಕೊಂಡಿ ಕಿತ್ತುಹೋಗಿದೆ. ಒಳಗಿನ ಚಿಲಕ ಇಲ್ಲ. ಕಪಾಟುಗಳಿಗೆ ಬಾಗಿಲಿಲ್ಲ. ಹಿಂದಿನ ದೀಪ ಉರಿಯುತ್ತಿಲ್ಲ. ಇವನ್ನು ಸರಿಪಡಿಸುವ ತನಕ ಕೋಣೆಯಲ್ಲಿ ನಡೆಯುವ ಕಳ್ಳತನಕ್ಕೂ ನಮ್ಮ ಜೀವಕ್ಕೆ ಬರುವ ಅಪಾಯಕ್ಕೂ ನಾವು ಜವಾಬ್ದಾರರಲ್ಲ ಎಂದು ಈ ಮೂಲಕ ತಿಳಿಸುತ್ತೇವೆ.’

ಕೆಳಗೆ ಕೋಣೆಯ ಎಲ್ಲರ ಸಹಿ ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕದಿದ್ದರೆ ತಾಲ್ಲೂಕು ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆಗಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಹಾಸ್ಟೆಲಿನ ದುರಸ್ತಿಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಕಾವಲುಗಾರನ ಹುದ್ದೆ ಮಂಜೂರಾಗಿದೆಯೇ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವೂ ಇಲ್ಲ.

ಸೀಲು ಬಿದ್ದ ಆ ಪ್ರತಿಯನ್ನು ಟ್ರಂಕಿನಲ್ಲಿ, ಎಲ್ಲದಕ್ಕಿಂತ ಕೆಳಗೆ, ಜೋಪಾನವಾಗಿಡಿ. ನಿಮ್ಮ ಬೆಲೆಬಾಳುವ ವಸ್ತು ಅದೇ.